‘ರೋಗಿ ಸಹಕರಿಸುತ್ತಿಲ್ಲ’: ಹಾಗೆ ಬರೆದವಳ ಒಂದು ಬಹಿರಂಗ ಪತ್ರ

ಆಸ್ಪತ್ರೆಗಳ ಆಡಳಿತ ಮಂಡಳಿಯವರಿಗೆ, ನರ್ಸಿಂಗ್ ವಿಭಾಗದ ಮುಖ್ಯಸ್ಥರಿಗೆ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವ ಗುರುಗಳಿಗೆ,

ಮಾನ್ಯರೇ,

ನಾನು ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಸಿಗೆಗಳ ನಡುವೆಯೇ ಓಡಾಡಿದ್ದೇನೆ. ಮೇಲ್ವಿಚಾರಕಿಯ ಕುರ್ಚಿ ಎರಡು ಸಲ ಕರೆದರೂ ಹೋಗಲಿಲ್ಲ. ಹಾಗಾಗಿ ನಿಮ್ಮ ಸಭೆಗಳಲ್ಲಿ ಏನು ಮಾತಾಗುತ್ತದೆ ಎಂಬುದು ನನಗೆ ಗೊತ್ತಿಲ್ಲ. ಆ ಮಾತು ಮೆಟ್ಟಿಲಿಳಿದು ವಾರ್ಡಿಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಈ ಪತ್ರ ದೂರೂ ಹೌದು, ತಪ್ಪೊಪ್ಪಿಗೆಯೂ ಹೌದು. ತಪ್ಪೊಪ್ಪಿಗೆಯನ್ನೇ ಮೊದಲು ಮುಗಿಸಿಬಿಡುತ್ತೇನೆ. ಆಮೇಲೆ ದೂರು ಹೇಳಲು ನನಗೂ ಸ್ವಲ್ಪ ಮುಖ ಇರುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಾರ್ಡಿಗೆ ಒಬ್ಬ ವೃದ್ಧೆ ದಾಖಲಾದರು. ಬೆನ್ನಿನ ಮೇಲೆ ದೊಡ್ಡ ಗಾಯ, ದಿನಕ್ಕೆ ಎರಡು ಸಲ ಡ್ರೆಸ್ಸಿಂಗ್ ಬದಲಿಸಬೇಕು. ಮೊದಲ ರಾತ್ರಿ ನಾನು ಹತ್ತಿರ ಹೋದಾಗ ಆಕೆ ನನ್ನ ಕೈ ತಳ್ಳಿದರು. ಎರಡನೇ ಸಲವೂ ತಳ್ಳಿದರು. ಏನೋ ಹೇಳಿದರು, ಅದು ನನಗೆ ತಿಳಿಯದ ನುಡಿ. ಬೆಳಗಿನ ಜಾವ ಕೇಸ್ ಶೀಟಿನಲ್ಲಿ ನಾನು ಬರೆದದ್ದು ಎರಡೇ ಪದ: ‘ರೋಗಿ ಸಹಕರಿಸುತ್ತಿಲ್ಲ.’

ಆ ಎರಡು ಪದಗಳು ಮಾಡಿದ ಕೆಲಸವನ್ನು ನೋಡಿ. ಬೆಳಗಿನ ಪಾಳಿಯವರು ಅದನ್ನು ಓದಿಕೊಂಡೇ ಹೋದರು, ಮುಖ ಬಿಗಿದುಕೊಂಡು ಹೋದರು. ಮಧ್ಯಾಹ್ನದವರು ‘ಈಗಲೂ ಸಹಕರಿಸುತ್ತಿಲ್ಲ’ ಎಂದು ಸೇರಿಸಿದರು. ಮೂರನೆಯ ದಿನ ಒಬ್ಬರು ಆಕೆಯ ಕೈಗಳನ್ನು ಹಿಡಿದುಕೊಂಡರು, ಇನ್ನೊಬ್ಬರು ಡ್ರೆಸ್ಸಿಂಗ್ ಮಾಡಿದರು. ಹಿಡಿದುಕೊಂಡವಳು ನಾನೇ. ನಾಲ್ಕನೆಯ ದಿನ ಬೇರೆ ವಾರ್ಡಿನಿಂದ ಎರವಲಾಗಿ ಒಬ್ಬ ನರ್ಸ್ ಬಂದರು. ಕೇಸ್ ಶೀಟ್ ಓದಲು ಅವರಿಗೆ ಪುರುಸೊತ್ತಾಗಿರಲಿಲ್ಲ. ಹಾಗೆ ಓದದಿದ್ದದ್ದು ತಪ್ಪು. ಅಂದು ಅದೇ ಆ ವೃದ್ಧೆಯ ಪುಣ್ಯವಾಯಿತು. ಅವರು ಸುಮ್ಮನೆ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು, ಕೈಸನ್ನೆಯಲ್ಲಿ ‘ಏನು?’ ಎಂದರು. ಆಕೆ ಪರದೆಯತ್ತ ಬೆರಳು ತೋರಿಸಿದರು. ಪರದೆಯ ಎರಡು ಬಳೆಗಳು ಕಳಚಿ ಒಂದು ಕಡೆ ಅಂಗೈಯಗಲ ಬಾಯಿ ಬಿಟ್ಟಿತ್ತು. ಅದರ ಎದುರಿಗೇ ಪಕ್ಕದ ಹಾಸಿಗೆಯವರನ್ನು ನೋಡಲು ಬರುವ ಗಂಡಸರು ಕೂರುವ ಬೆಂಚು. ಮೊದಲ ರಾತ್ರಿಯಿಂದಲೂ ಆಕೆ ಹೇಳುತ್ತಿದ್ದದ್ದು ಅದನ್ನೇ.

ಎರಡು ಸೇಫ್ಟಿ ಪಿನ್ ಹಾಕಿದೆವು. ಆಮೇಲೆ ಆಕೆ ತಾವಾಗಿಯೇ ಮಗ್ಗುಲಾಗಿ ಬೆನ್ನು ಕೊಟ್ಟರು.

ನಾನು ಹೇಳಬೇಕಾದದ್ದೆಲ್ಲ ಹೆಚ್ಚುಕಡಿಮೆ ಆ ಪರದೆಯಲ್ಲೇ ಇದೆ. ಸಹಕರಿಸದಿದ್ದದ್ದು ಆಕೆಯಲ್ಲ, ನಾವು. ಆದರೂ ದಾಖಲೆಯಲ್ಲಿ ಉಳಿದದ್ದು ಆಕೆಯ ಮೇಲಿನ ದೂರು. ಇಂದಿಗೂ ಯಾವುದೇ ಆಸ್ಪತ್ರೆಯ ಹಳೆಯ ಕೇಸ್ ಶೀಟುಗಳನ್ನು ತೆಗೆದು ನೋಡಿ, ಆ ವಾಕ್ಯ ಒಂದಲ್ಲ ಒಂದು ರೂಪದಲ್ಲಿ ಸಿಕ್ಕೇ ಸಿಗುತ್ತದೆ. ಔಷಧಿ ನಿರಾಕರಿಸಿದರು. ಹಟಮಾರಿ. ಮನೆಯವರು ತೊಂದರೆ ಕೊಡುತ್ತಾರೆ. ಆದರೆ ‘ಏಕೆ ಎಂದು ಕೇಳಿದೆವು, ಹೀಗೆಂದರು’ ಎಂಬ ಸಾಲು? ಅದನ್ನು ಬರೆಯಲು ನೀವು ಕೊಟ್ಟಿರುವ ನಮೂನೆಗಳಲ್ಲಿ ಜಾಗವೇ ಇಲ್ಲ. ನನ್ನ ದೂರಿನ ತಿರುಳು ಇದು.

ನೀವು ಸಂಸ್ಕೃತಿಗೆ ಜಾಗ ಕೊಟ್ಟಿಲ್ಲವೆಂದಲ್ಲ. ದಾಖಲಾತಿ ನಮೂನೆಯಲ್ಲಿ ಧರ್ಮ ಎಂಬ ಕಲಂ ಇದೆ, ಭಾಷೆ ಎಂಬ ಕಲಂ ಇದೆ. ವರ್ಷಕ್ಕೊಮ್ಮೆ ಅರ್ಧ ದಿನದ ತರಬೇತಿ ಇದೆ. ಅದರಲ್ಲಿ ಒಂದು ಪಟ್ಟಿ ಹಂಚುತ್ತಾರೆ. ಇಂಥ ಸಮುದಾಯದವರು ಹೀಗೆ, ಅಂಥವರು ಹಾಗೆ. ಇವರು ನೋವನ್ನು ಜೋರಾಗಿ ಹೇಳುತ್ತಾರೆ, ಅವರು ನುಂಗಿಕೊಳ್ಳುತ್ತಾರೆ. ಆ ಪಟ್ಟಿಯನ್ನು ನಾನು ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದೆ. ಅದು ನನ್ನನ್ನು ಎಲ್ಲಿಗೆ ಕೊಂಡೊಯ್ದಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಹೃದಯದ ತೊಂದರೆಯಿಂದ ದಾಖಲಾಗಿದ್ದ ಒಬ್ಬರು ಒಂದು ಸಂಜೆ ತುಂಬ ಕಳವಳದಲ್ಲಿದ್ದಂತೆ ಕಂಡರು. ಅವರ ಹೆಸರು ನೋಡಿದೆ, ಧರ್ಮದ ಕಲಂ ನೋಡಿದೆ, ಪಟ್ಟಿ ನೆನಪಾಯಿತು. ಸೂಕ್ಷ್ಮಮತಿಯ ನರ್ಸ್ ಎನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಅವರ ಧರ್ಮದ ಗುರುಗಳೊಬ್ಬರನ್ನು ಕರೆಸಿದೆ. ಗುರುಗಳು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ರೋಗಿಯ ಮುಖ ಬಿಳಿಚಿಕೊಂಡಿತು. “ನಾನು ಸಾಯುತ್ತಿದ್ದೇನೆ ಎಂದು ಹೀಗೆ ತಿಳಿಸುತ್ತೀರಾ?” ಎಂದು ಕೇಳಿದರು. ಅವರು ಮೂವತ್ತು ವರ್ಷಗಳಿಂದ ದೇವರನ್ನು ನಂಬದವರು. ಅವರ ಕಳವಳಕ್ಕೆ ಕಾರಣ, ಮನೆಯಲ್ಲಿ ಒಂಟಿಯಾಗಿ ಉಳಿದ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಗುರುಗಳು ದೊಡ್ಡ ಮನಸ್ಸಿನವರು, ನಕ್ಕು ನಾಯಿಯ ವಿಚಾರವನ್ನೇ ಮಾತಾಡಿ ಹೋದರು. ನಾನು ಔಷಧಿ ಕೋಣೆಗೆ ಹೋಗಿ ಐದು ನಿಮಿಷ ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದೆ.

ಮೊದಲ ಪ್ರಕರಣದಲ್ಲಿ ನನಗೆ ಆಕೆಯ ಸಂಸ್ಕೃತಿ ಕಾಣಲೇ ಇಲ್ಲ. ಎರಡನೆಯದರಲ್ಲಿ ಸಂಸ್ಕೃತಿಯೊಂದೇ ಕಂಡಿತು, ಮನುಷ್ಯ ಕಾಣಲಿಲ್ಲ. ಎರಡೂ ಕಡೆ ನಾನು ಮಾಡದೆ ಬಿಟ್ಟದ್ದು ಒಂದೇ: ಕೇಳಲಿಲ್ಲ.

ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ಈ ಪದದ ಬೇರಿನಲ್ಲಿರುವುದು ‘ಶ್ರು’ ಧಾತು, ಅಂದರೆ ಕೇಳು. ಶ್ರವಣ, ಶ್ರೋತೃ, ಶ್ರುತಿ ಎಲ್ಲವೂ ಅದರ ಮಕ್ಕಳೇ. ಶುಶ್ರೂಷಾ ಎಂದರೆ ಮೂಲದಲ್ಲಿ ಕೇಳಬೇಕೆಂಬ ಆಸೆ. ಸೇವೆ, ಆರೈಕೆ ಎಂಬ ಅರ್ಥಗಳು ಆಮೇಲೆ ಬಂದು ಕೂಡಿದವು. ನಿಮ್ಮ ಕಾಲೇಜುಗಳ ಹೆಸರುಫಲಕಗಳ ಮೇಲೆ ಈ ಪದ ಇರುತ್ತದೆ. ಪಠ್ಯಕ್ರಮದಲ್ಲಿ ಚುಚ್ಚುವುದಕ್ಕೆ, ಅಳೆಯುವುದಕ್ಕೆ, ಕಟ್ಟುವುದಕ್ಕೆ, ದಾಖಲಿಸುವುದಕ್ಕೆ ಗಂಟೆಗಳ ಲೆಕ್ಕ ಇದೆ. ಕೇಳುವುದಕ್ಕೆ ಎಷ್ಟು ಗಂಟೆ ಇಟ್ಟಿದ್ದೀರಿ?

ನಾನು ಹೊಸದೇನನ್ನೂ ಹೇಳುತ್ತಿಲ್ಲ. ಮ್ಯಾಡಲಿನ್ ಲೈನಿಂಜರ್ 1950ರ ದಶಕದಲ್ಲಿ ಅಮೆರಿಕದಲ್ಲಿ ಮಾನಸಿಕ ತೊಂದರೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ನರ್ಸ್. ಒಂದೇ ಬಗೆಯ ಆರೈಕೆಗೆ ಬೇರೆ ಬೇರೆ ಸಂಸ್ಕೃತಿಗಳಿಂದ ಬಂದ ಮಕ್ಕಳು ಬೇರೆ ಬೇರೆಯಾಗಿ ಸ್ಪಂದಿಸುವುದನ್ನು ಕಂಡು, ಇದನ್ನು ತಿಳಿಯಲು ನರ್ಸಿಂಗ್ ಪಾಠವೊಂದೇ ಸಾಲದೆಂದು ಮಾನವಶಾಸ್ತ್ರ ಓದಲು ಹೋದರು. ಅಂತರ್‌ಸಾಂಸ್ಕೃತಿಕ ನರ್ಸಿಂಗ್ ಎಂಬ ಶಾಖೆ ಬೆಳೆದದ್ದು ಅಲ್ಲಿಂದ. ಅವರು ಹೇಳಿದ ಮೂರು ದಾರಿಗಳು ವಾರ್ಡಿನಲ್ಲಿ ನನಗೆ ದಿನವೂ ಉಪಯೋಗಕ್ಕೆ ಬರುತ್ತವೆ: ರೋಗಿಯ ರೂಢಿ ಹಿತವಾಗಿದ್ದರೆ ಉಳಿಸಿಕೊಳ್ಳಿ, ಚಿಕಿತ್ಸೆಗೆ ಅಡ್ಡ ಬರುತ್ತಿದ್ದರೆ ಇಬ್ಬರೂ ಒಂದೊಂದು ಹೆಜ್ಜೆ ಸರಿದು ಹೊಂದಿಸಿಕೊಳ್ಳಿ, ಹಾನಿಯಾಗುವಂತಿದ್ದರೆ ರೋಗಿಯ ಜೊತೆ ಕುಳಿತು ಬದಲಿಸಿ. ಜೊತೆ ಕುಳಿತು ಎಂಬುದನ್ನು ನಮ್ಮವರು ಬೇಗ ಮರೆಯುತ್ತಾರೆ.

ಆದರೆ ನನ್ನ ಮಟ್ಟಿಗೆ ಇನ್ನೂ ಮುಂದೆ ಹೋದವರು ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಸಮುದಾಯದ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್. ಸಾಂಸ್ಕೃತಿಕ ಸುರಕ್ಷತೆ ಎಂಬ ಮಾತನ್ನು ನರ್ಸಿಂಗ್ ಶಿಕ್ಷಣಕ್ಕೆ ತಂದವರು ಅವರು. 1992ರಲ್ಲಿ ಆ ದೇಶದ ನರ್ಸಿಂಗ್ ಕೌನ್ಸಿಲ್ ಅದನ್ನು ನರ್ಸಿಂಗ್ ಪಠ್ಯಕ್ರಮದ ಭಾಗವಾಗಿಸಿತು. ಅವರ ವಾದ ಸರಳ, ಆದ್ದರಿಂದಲೇ ಕಷ್ಟ. ಪರರ ಪದ್ಧತಿಗಳ ಪಟ್ಟಿ ಕಲಿಯುವುದಲ್ಲ. ನರ್ಸ್ ಮೊದಲು ತನ್ನ ಸಂಸ್ಕೃತಿಯನ್ನು, ತನ್ನ ಕೈಯಲ್ಲಿರುವ ಅಧಿಕಾರವನ್ನು ನೋಡಿಕೊಳ್ಳಬೇಕು. ಆರೈಕೆ ಸುರಕ್ಷಿತವಾಗಿತ್ತೇ ಎಂದು ತೀರ್ಪು ಕೊಡುವವರು ಕೊಟ್ಟವರಲ್ಲ, ಪಡೆದವರು. ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ನನ್ನ ಕೈಯಲ್ಲಿ ಯಾವ ಅಧಿಕಾರ? ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವಳು ನಾನು! ಆಮೇಲೆ ಆ ವೃದ್ಧೆಯ ಮಣಿಕಟ್ಟು ಹಿಡಿದ ನನ್ನ ಬೆರಳುಗಳು ನೆನಪಾದವು. ಒಬ್ಬರ ಬಟ್ಟೆ ಸರಿಸುವ, ನೋವಿನ ಮಾತ್ರೆಯನ್ನು ಈಗ ಕೊಡಬೇಕೋ ಅರ್ಧ ಗಂಟೆ ಬಿಟ್ಟು ಕೊಡಬೇಕೋ ಎಂದು ನಿರ್ಧರಿಸುವ, ಕೇಸ್ ಶೀಟಿನಲ್ಲಿ ಅವರ ಸ್ವಭಾವ ಬರೆಯುವ ಅಧಿಕಾರ ಸಣ್ಣದೇನಲ್ಲ. ಆಸ್ಪತ್ರೆಯಲ್ಲಿ ಸಹಜ ಎಂದು ನಾವು ಕರೆಯುವುದೂ ಒಂದು ಸಂಸ್ಕೃತಿಯೇ. ಬೆನ್ನು ತೆರೆದ ಗೌನು ತೊಡುವುದು, ಬೆಳಗಿನ ಐದಕ್ಕೆ ಎಬ್ಬಿಸಿ ಜ್ವರ ನೋಡುವುದು, ವಯಸ್ಸಾದವರನ್ನು ಮಗುವಿನಂತೆ ಮಾತಾಡಿಸುವುದು: ಹೊರಗಿನಿಂದ ಬಂದವರಿಗೆ ಇವಕ್ಕಿಂತ ವಿಚಿತ್ರ ಆಚಾರ ಬೇರೊಂದಿಲ್ಲ.

ಈಗ ದುಭಾಷಿಗಳ ವಿಚಾರ. ಇದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ, ಕ್ಷಮಿಸಿ. ಭಾಷೆ ಬಾರದ ತಾಯಿಗೆ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂಬುದನ್ನು ಅವರ ಹನ್ನೊಂದು ವರ್ಷದ ಮಗಳ ಬಾಯಿಂದ ಹೇಳಿಸಿದ್ದನ್ನು ನಾನು ನೋಡಿದ್ದೇನೆ. ವೈದ್ಯರು ನಾಲ್ಕು ವಾಕ್ಯ ಹೇಳಿದರು, ಹುಡುಗಿ ಒಂದೇ ವಾಕ್ಯದಲ್ಲಿ ಮುಗಿಸಿದಳು. ತಾಯಿ ಮುಗುಳ್ನಕ್ಕು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಆ ನಗು ನೋಡಿ ನನಗೆ ಅನುಮಾನ ಬಂತು. ಹೊರಗೆ ಕರೆದು ಕೇಳಿದೆ, ಏನೆಂದು ಹೇಳಿದೆ ಮಗೂ? “ಸಣ್ಣ ಹುಣ್ಣು, ವಾಸಿಯಾಗುತ್ತದೆ ಅಂದೆ” ಎಂದಳು. ಆಮೇಲೆ ಅತ್ತಳು. ತಾಯಿಯನ್ನು ಕಾಪಾಡಲು ಅವಳ ಬುದ್ಧಿಗೆ ತಿಳಿದ ರೀತಿ ಅದು. ಆ ಮಗುವಿನ ಮೇಲೆ ತಪ್ಪು ಹೊರಿಸುವವರು ಯಾರಿದ್ದಾರೆ? ಆದರೆ ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಹೇಗಾಗುತ್ತದೆ ಎಂಬುದನ್ನು ನೀವು ಹೇಳಬೇಕು. ಆ ಕಾಗದ ಕಡತದಲ್ಲಿ ಭದ್ರವಾಗಿದೆ, ತಪಾಸಣೆಗೆ ಬಂದವರು ಅದಕ್ಕೆ ಸರಿ ಗುರುತು ಹಾಕಿ ಹೋಗುತ್ತಾರೆ.

ಮನೆಯವರು ಪಕ್ಕದಲ್ಲಿರಲಿ, ಧೈರ್ಯಕ್ಕೆ. ಭಾಷಾಂತರಕ್ಕೆ ಬೇಡ. ಗಂಡನ ಮೂಲಕ ಹೆಂಡತಿಯನ್ನು ‘ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ’ ಎಂದು ಕೇಳುವ ಅಸಂಬದ್ಧ ಸ್ಥಿತಿಯಲ್ಲಿ ನಾವು ಎಷ್ಟು ಸಲ ನಿಂತಿಲ್ಲ! ತರಬೇತಾದ ದುಭಾಷಿ ಪ್ರತಿ ವಾರ್ಡಿಗೂ ಸಿಗುವುದಿಲ್ಲವೆಂದು ನಾನೂ ಬಲ್ಲೆ. ಫೋನಿನಲ್ಲಾದರೂ ಸಿಗುವಂತೆ ಮಾಡಬಹುದು. ರಾತ್ರಿ ಎರಡಕ್ಕೂ ಸಿಗಬೇಕು, ಏಕೆಂದರೆ ಭಯಕ್ಕೆ ಹೊರರೋಗಿ ವಿಭಾಗದ ವೇಳಾಪಟ್ಟಿ ಗೊತ್ತಿಲ್ಲ. ಹಾಗೆಯೇ ಇನ್ನೊಂದು: ‘ಗೊತ್ತಾಯಿತೇ?’ ಎಂಬ ಪ್ರಶ್ನೆಯನ್ನು ನಮ್ಮೆಲ್ಲರ ಬಾಯಿಂದ ಬಿಡಿಸಿ. ಅದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ, ದೊಡ್ಡವರ ಮುಂದೆ ಇಲ್ಲವೆನ್ನುವುದು ಅವಿನಯ ಎಂದು ಕಲಿತವರಂತೂ ಎಂದಿಗೂ ಅನ್ನುವುದಿಲ್ಲ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಹೇಳಿ’ ಎಂದು ಕೇಳಿ ನೋಡಿ. ಪರೀಕ್ಷೆ ನಮ್ಮದಾಗುತ್ತದೆ, ಅವರದ್ದಲ್ಲ. ಹೊರಬರುವ ಉತ್ತರಗಳನ್ನು ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಸಂಸ್ಕೃತಿಯ ಮಾತು ಎಂದರೆ ನಂಬಿಕೆಯ ಮಾತು ಮಾತ್ರ ಎಂದುಕೊಂಡವರಿಗೆ ಚರ್ಮದ ಒಂದು ವಿಷಯ ಹೇಳುತ್ತೇನೆ. ಒತ್ತಡದ ಹುಣ್ಣು, ನಾವು ಬೆಡ್‌ಸೋರ್ ಎನ್ನುವುದು, ಆರಂಭದಲ್ಲಿ ಚರ್ಮ ಕೆಂಪಾಗಿ ಕಾಣುತ್ತದೆ, ಒತ್ತಿದರೂ ಕೆಂಪು ಮಾಯವಾಗುವುದಿಲ್ಲ ಎಂದು ಕಲಿಸುತ್ತಾರೆ. ಪುಸ್ತಕದ ಚಿತ್ರದಲ್ಲಿರುವುದು ಬಿಳಿ ಹಿಮ್ಮಡಿ. ಕಪ್ಪು ಹಿಮ್ಮಡಿಯಲ್ಲಿ ಆ ಕೆಂಪು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ಅಲ್ಲಿ ನೋವಿದೆಯೇ ಎಂದು ಕೈಯಿಂದ ಮುಟ್ಟಿ, ಬಾಯಿಂದ ಕೇಳಿ ತಿಳಿಯಬೇಕು. ಆಮ್ಲಜನಕ ಕಡಿಮೆಯಾಗಿ ಮೈ ನೀಲಿಗಟ್ಟುವುದನ್ನು ಒಸಡಿನಲ್ಲಿ, ಕಣ್ಣಿನ ರೆಪ್ಪೆಯ ಒಳಮೈಯಲ್ಲಿ ನೋಡಬೇಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ನಿಷ್ಪಕ್ಷಪಾತಿಯಲ್ಲ: ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಯಂತ್ರ ಪರವಾಗಿಲ್ಲವೆಂದು ತೋರಿಸಿದ ಸಂದರ್ಭಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಒಬ್ಬ ರೋಗಿ ‘ಉಸಿರು ಸಾಲುತ್ತಿಲ್ಲ’ ಎನ್ನುತ್ತಿದ್ದಾಗ ನಾನು ಅವರ ಮಾತಿಗಿಂತ ಬೆರಳಿನ ಮೇಲಿನ ಅಂಕಿಯನ್ನು ನಂಬಿದ ರಾತ್ರಿಗಳಿವೆ. ಯಾರಿಗೆ ಏನಾಗಿತ್ತೋ, ಲೆಕ್ಕವಿಟ್ಟವರಿಲ್ಲ.

ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಎರಡು ಸಣ್ಣ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದ ಒಬ್ಬರು ಸಂಜೆಯ ಮಾರ್ಫಿನ್ ಬೇಡವೆನ್ನುತ್ತಿದ್ದರು. ಹಲ್ಲು ಕಚ್ಚಿಕೊಂಡು ನೋವು ತಡೆಯುತ್ತಿದ್ದರು. ನರಳುವುದು ಪುಣ್ಯವೆಂಬ ನಂಬಿಕೆ ಇರಬೇಕೆಂದು ವಾರ್ಡಿನಲ್ಲಿ ಮಾತಾಗಿತ್ತು (ಮತ್ತೆ ಆ ಪಟ್ಟಿ!). ಕೇಳಿದಾಗ ತಿಳಿದದ್ದು, ದೂರದಲ್ಲಿರುವ ಮಗ ಪ್ರತಿ ಸಂಜೆ ಏಳಕ್ಕೆ ಫೋನ್ ಮಾಡುತ್ತಾನೆ, ಆಗ ನಾಲಿಗೆ ತೊದಲಬಾರದು. ವೈದ್ಯರೊಡನೆ ಮಾತಾಡಿ ಡೋಸಿನ ಹೊತ್ತನ್ನು ಬದಲಿಸಿದೆವು, ಅಷ್ಟೇ. ಆಧುನಿಕ ಹಾಸ್ಪಿಸ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ಕೊನೆಯ ದಿನಗಳ ಆರೈಕೆಗೆ, ದಾರಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ವೈದ್ಯೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಅವರು ಸಮಗ್ರ ನೋವು ಎಂಬ ಮಾತು ಬಳಸಿದರು: ಮೈಯ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಆತ್ಮದ ನೋವು ಬೇರೆ ಬೇರೆ ಗಂಟುಗಳಲ್ಲಿ ಬರುವುದಿಲ್ಲ. ಸೊನ್ನೆಯಿಂದ ಹತ್ತರವರೆಗಿನ ನಮ್ಮ ಅಳತೆಪಟ್ಟಿಯಲ್ಲಿ ಏಳು ಗಂಟೆಯ ಫೋನ್ ಎಲ್ಲಿ ಬರುತ್ತದೆ?

ಇನ್ನೊಂದು, ಗಿಡಮೂಲಿಕೆಯ ಕಷಾಯದ್ದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದವರ ದಿಂಬಿನ ಕೆಳಗೆ ಸೀಸೆ ಸಿಕ್ಕಿತು. ವಾರ್ಫರಿನ್ ಜೊತೆ ಹೊಂದದ ಮೂಲಿಕೆಗಳು ಹಲವು ಇವೆ, ಹಾಗಾಗಿ ಇದು ಆಟದ ಮಾತಲ್ಲ. ಹಿಂದಿನ ಪಾಳಿಯಲ್ಲಿ ಯಾರೋ ಬೈದಿದ್ದರು. ಬೈದರೆ ಕಷಾಯ ನಿಲ್ಲುವುದಿಲ್ಲ, ನಮಗೆ ಹೇಳುವುದು ನಿಲ್ಲುತ್ತದೆ. ಅದನ್ನು ಕೊಟ್ಟವರು ಯಾರು, ಏನಕ್ಕೆಂದು ಕೊಟ್ಟರು ಎಂದು ಸಮಾಧಾನವಾಗಿ ವಿಚಾರಿಸಿದ ಮೇಲೆ ಅವರ ಅಕ್ಕನೇ ಎಲೆಗಳನ್ನು ತಂದು ಔಷಧಿ ವಿಭಾಗದವರಿಗೆ ತೋರಿಸಿದರು. ಮನೆಗೆ ಹೋಗುವವರೆಗೆ ಕುಡಿಯುವುದಿಲ್ಲ, ಆಮೇಲೆ ಕೇಳದೆ ಕುಡಿಯುವುದಿಲ್ಲ ಎಂದು ಒಪ್ಪಂದವಾಯಿತು. ಈ ಬಗೆಯ ವಿಚಾರಣೆಗೆ ವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ಕೆಲವು ಪ್ರಶ್ನೆಗಳನ್ನು ಕೊಟ್ಟಿದ್ದಾರೆ. ಈ ಕಾಯಿಲೆ ಏಕೆ ಬಂತೆಂದು ನಿಮಗನ್ನಿಸುತ್ತದೆ? ಇದರಲ್ಲಿ ನಿಮ್ಮನ್ನು ಹೆಚ್ಚು ಹೆದರಿಸುವುದು ಯಾವುದು? ಕೇಳಲು ಯಂತ್ರ ಬೇಡ, ಕಾಸು ಬೇಡ. ಆದರೆ ಉತ್ತರ ಮುಗಿಯುವವರೆಗೆ ಕೂರಲು ಆಗಬೇಕು.

ಕೂರಲು ಆಗುತ್ತಿಲ್ಲ, ಮಾನ್ಯರೇ. ಇಲ್ಲಿಗೆ ಬರಬೇಕೆಂದೇ ಇಷ್ಟು ದೂರ ಬಂದೆ. ವಾರ್ಡಿನ ಗೋಡೆಯ ಮೇಲೆ ಅನುಕಂಪದ ಭಿತ್ತಿಚಿತ್ರ ಅಂಟಿಸುತ್ತೀರಿ. ನಗುತ್ತ ಮಾತಾಡಿ ಎಂಬ ಸುತ್ತೋಲೆ ಕಳಿಸುತ್ತೀರಿ. ಅದರ ಕೆಳಗೆ ನಿಂತ ನರ್ಸ್‌ಗೆ ಇಪ್ಪತ್ತು, ಮೂವತ್ತು ರೋಗಿಗಳನ್ನು ವಹಿಸುತ್ತೀರಿ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಲೆಕ್ಕ ನಿಮಗೆ ಗೊತ್ತಿರಲೇಬೇಕು. ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಒಬ್ಬ ನರ್ಸ್ ನೋಡಿಕೊಳ್ಳುವವರ ಸಂಖ್ಯೆ ಒಂದು ಹೆಚ್ಚಾದಂತೆಲ್ಲ 30 ದಿನಗಳೊಳಗಿನ ಸಾವಿನ ಸಾಧ್ಯತೆ ಶೇಕಡ 7ರಷ್ಟು ಹೆಚ್ಚು ಕಂಡಿತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಕಾನೂನು ಮಾಡಿ 2004ರಿಂದ ನರ್ಸ್ ಮತ್ತು ರೋಗಿಗಳ ಅನುಪಾತಕ್ಕೆ ಮಿತಿ ಹಾಕಿತು. ಅನುಕಂಪ ನರ್ಸ್‌ನ ಸ್ವಭಾವದಲ್ಲಿರಬೇಕೆಂದು ನೀವು ಹೇಳುವಾಗ ನಾನು ಒಪ್ಪುತ್ತೇನೆ. ಆದರೆ ಸ್ವಭಾವ ಪಾಳಿಯ ಮೊದಲ ನಾಲ್ಕು ಗಂಟೆಗೆ ಸಾಕಾಗುತ್ತದೆ. ಉಳಿದ ಎಂಟು ಗಂಟೆಗೆ ಜನ ಬೇಕು.

ನನ್ನ ಜೊತೆಗಿನವರಲ್ಲಿ ನಾನು ಕಂಡದ್ದು ಕಲ್ಲು ಮನಸ್ಸಲ್ಲ, ದಣಿವು. ದಣಿದವರು ಕೇಳುವುದಿಲ್ಲ, ಊಹಿಸುತ್ತಾರೆ. ಊಹೆ ಬೇಗ ಆಗುತ್ತದೆ. ಅಂಥ ಒಂದು ಬೆಳಗ್ಗೆ, ತಂದೆ ತೀರಿಕೊಂಡ ಕುಟುಂಬವೊಂದು ಮುಖ ತೊಳೆಸಲು, ನಾಲ್ಕು ಮಾತು ಹೇಳಿಕೊಳ್ಳಲು ಅರ್ಧ ಗಂಟೆ ಕೇಳಿತು. ತುರ್ತು ವಿಭಾಗದಿಂದ ಹಾಸಿಗೆಗಾಗಿ ಮೂರು ಸಲ ಕರೆ ಬಂದಿತ್ತು. ಹತ್ತು ನಿಮಿಷ ಎಂದೆ. ಆ ಕುಟುಂಬದ ಹಿರಿಯ ಮಗ ನನ್ನನ್ನು ಬೈಯಲಿಲ್ಲ, “ಸರಿ” ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಹಾಸಿಗೆ ಬೇಕಿದ್ದ ರೋಗಿಯೂ ನಿಜ, ಅದನ್ನು ನಾನು ಮರೆತಿಲ್ಲ. ಆದರೆ ಆ ಅರ್ಧ ಗಂಟೆಗೆ ಒಂದು ಪುಟ್ಟ ಕೋಣೆಯಿದ್ದಿದ್ದರೆ ಈ ಇಬ್ಬರ ನಡುವೆ ಆರಿಸುವ ಪಾಡು ನನಗೆ ಬರುತ್ತಿರಲಿಲ್ಲ. ನಿಮ್ಮ ಹೊಸ ಕಟ್ಟಡಗಳ ನಕ್ಷೆಯಲ್ಲಿ ಅಂಥ ಕೋಣೆ ಇದೆಯೇ, ದಯವಿಟ್ಟು ಒಮ್ಮೆ ನೋಡಿ.

ಇಷ್ಟು ಓದಿದವರಲ್ಲಿ ಕೆಲವರಿಗೆ ಒಂದು ಆಕ್ಷೇಪ ಹುಟ್ಟಿರಬಹುದು: ಹೀಗೆ ಎಲ್ಲರ ಮಾತಿಗೂ ತಲೆಬಾಗುತ್ತ ಹೋದರೆ ನರ್ಸ್‌ಗಳ ಗತಿಯೇನು? ಹುಟ್ಟು ನೋಡಿ, ಚರ್ಮದ ಬಣ್ಣ ನೋಡಿ ‘ಈಕೆ ನನ್ನನ್ನು ಮುಟ್ಟಬಾರದು’ ಎನ್ನುವ ರೋಗಿಗಳೂ ಇದ್ದಾರಲ್ಲ? ಇದ್ದಾರೆ. ನನ್ನ ಕಣ್ಣೆದುರೇ ಒಬ್ಬ ಕಿರಿಯ ಸಹೋದ್ಯೋಗಿಗೆ ಹಾಗೆ ಹೇಳಿದರು. ಮೇಲಿನವರು ಸಂಸ್ಕೃತಿಯನ್ನು ಗೌರವಿಸಬೇಕೆಂದು ಹೇಳಿ ಆ ಹುಡುಗಿಯನ್ನು ಬೇರೆ ಹಾಸಿಗೆಗಳ ಕಡೆಗೆ ಕಳಿಸಿದರು. ಇದಕ್ಕೆ ನನ್ನ ವಿರೋಧವಿದೆ. ‘ಡ್ರೆಸ್ಸಿಂಗಿಗೆ ಹೆಣ್ಣು ನರ್ಸ್ ಬೇಕು’ ಎನ್ನುವವರು ತಮ್ಮ ಮೈಯ ಬಗ್ಗೆ ಮಾತಾಡುತ್ತಿದ್ದಾರೆ, ಸಾಧ್ಯವಾದಷ್ಟೂ ನಡೆಸಿಕೊಡಬೇಕು. ‘ಇಂಥ ಹುಟ್ಟಿನವಳು ಬೇಡ’ ಎನ್ನುವವರು ನಮ್ಮ ಮೈಯ ಬಗ್ಗೆ ಮಾತಾಡುತ್ತಿದ್ದಾರೆ. ಮೊದಲನೆಯದು ಸಂಕೋಚ, ಎರಡನೆಯದು ತಿರಸ್ಕಾರ. ಇವೆರಡನ್ನು ಬೇರ್ಪಡಿಸಿ ಹೇಳುವ ಲಿಖಿತ ನಿಯಮವೊಂದನ್ನು ಆಡಳಿತವೇ ಮಾಡಿ, ರೋಗಿಗೆ ಆಡಳಿತವೇ ತಿಳಿಸಬೇಕು. ಆ ಮಾತನ್ನು ಆಡುವ ಭಾರ ಅವಮಾನಿತಳಾದ ಹುಡುಗಿಯ ತಲೆಗೆ ಬರಬಾರದು. ಇನ್ನು, ರೂಢಿಯ ಹೆಸರಲ್ಲಿ ಮಗುವಿನ ಜೀವಕ್ಕೆ ಅಪಾಯವಾಗುವಂತಿದ್ದರೆ ಅಲ್ಲಿ ಕೇಳುವುದರ ಜೊತೆಗೆ ತಡೆಯುವುದೂ ನಮ್ಮ ಕರ್ತವ್ಯ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ನೀತಿಸಂಹಿತೆ 1953ರಷ್ಟು ಹಳೆಯದು, 2021ರಲ್ಲಿ ಮತ್ತೆ ಪರಿಷ್ಕೃತವಾಯಿತು. ರೋಗಿಯ ಮೌಲ್ಯಗಳು, ರೂಢಿಗಳು, ನಂಬಿಕೆಗಳಿಗೆ ಬೆಲೆ ಕೊಡಬೇಕೆಂದು ಹೇಳುವ ಆ ಸಂಹಿತೆ ನರ್ಸ್ ತನ್ನ ಘನತೆ, ಆರೋಗ್ಯಗಳನ್ನು ಕಾಪಾಡಿಕೊಳ್ಳಬೇಕೆಂದೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಿ ಎಂಬುದಷ್ಟೇ ನನ್ನ ಕೋರಿಕೆ.

ಉಳಿದ ಕೋರಿಕೆಗಳನ್ನು ಇಲ್ಲಿಗೆ ಬರುವ ದಾರಿಯಲ್ಲಿ ಹೇಳಿಬಿಟ್ಟಿದ್ದೇನೆ: ದುಭಾಷಿ, ಕೋಣೆ, ಜನ. ಇವಕ್ಕೆ ಹಣ ಬೇಕು, ಸಭೆ ಬೇಕು, ವರ್ಷಗಳು ಹಿಡಿಯುತ್ತವೆ ಎಂದು ಬಲ್ಲೆ. ಗುರುಗಳಲ್ಲಿ ಪ್ರತ್ಯೇಕವಾಗಿ ಬೇಡುವುದಿಷ್ಟು: ಪಟ್ಟಿ ಹಂಚುವುದನ್ನು ನಿಲ್ಲಿಸಿ, ವಿದ್ಯಾರ್ಥಿಯನ್ನು ಒಬ್ಬ ರೋಗಿಯ ಪಕ್ಕ ಅರ್ಧ ಗಂಟೆ ಕೂರಿಸಿ. ಬಿಪಿ ನೋಡಬಾರದು, ಏನನ್ನೂ ಬರೆದುಕೊಳ್ಳಬಾರದು. ಹೊರಬಂದ ಮೇಲೆ ರೋಗಿಗೆ ಯಾವುದರ ಭಯ, ಯಾವುದು ಮುಖ್ಯ ಎಂದು ಹೇಳಲಿ. ಹಾಗೆಯೇ ತನಗೆ ಯಾವಾಗ ಮುಜುಗರವಾಯಿತು, ಏಕಾಯಿತು ಎಂದೂ ಹೇಳಲಿ. ಅಂಕ ಕೊಡುವುದಾದರೆ ಈ ಎರಡನೆಯದಕ್ಕೆ ಹೆಚ್ಚು ಕೊಡಿ.

ನಾಳೆ ಬೆಳಗ್ಗೆಯೇ ಆಗಬಹುದಾದ ಒಂದು ಕೆಲಸವಿದೆ. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ವರದಿ ಒಪ್ಪಿಸುವ ಹಾಳೆಯಲ್ಲಿ ಎರಡು ಸಾಲು ಸೇರಿಸಿ. ಒಂದು, ಇವರಿಗೆ ಮುಖ್ಯವಾದದ್ದು ಏನು. ಎರಡು, ಬೇಡವೆಂದದ್ದಕ್ಕೆ ಕಾರಣ ಏನೆಂದರು. ‘ಸಹಕರಿಸುತ್ತಿಲ್ಲ’ ಎಂದು ಬರೆಯುವವರು ಎರಡನೆಯ ಸಾಲು ತುಂಬದೆ ಸಹಿ ಹಾಕಕೂಡದು ಎಂದು ಆದೇಶ ಮಾಡಿ. ಆ ವೃದ್ಧೆಯ ಕಾಲದಲ್ಲಿ ಈ ಸಾಲು ಇದ್ದಿದ್ದರೆ ಮೊದಲ ರಾತ್ರಿಯೇ ನಾನು ಖಾಲಿ ಗೆರೆಯ ಮುಂದೆ ಪೆನ್ನು ಹಿಡಿದು ನಿಲ್ಲಬೇಕಾಗುತ್ತಿತ್ತು, ವಾಪಸು ಹೋಗಿ ಕೇಳಬೇಕಾಗುತ್ತಿತ್ತು.

ನಮ್ಮ ವಾರ್ಡಿನಲ್ಲಿ ನಾವು ನಾಲ್ಕೈದು ಜನ ಇದನ್ನು ಈಗಾಗಲೇ ಮಾಡುತ್ತಿದ್ದೇವೆ. ಹಾಳೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ. ‘ಏಳಕ್ಕೆ ಮಗನ ಫೋನ್.’ ‘ಎಡಗಿವಿ ಕೇಳುವುದಿಲ್ಲ, ಬಲಕ್ಕೆ ನಿಂತು ಹೇಳಿ.’ ‘ಹೆಸರು ಹಿಡಿದು ಕರೆಯಬೇಡಿ, ಮೇಷ್ಟರೇ ಎನ್ನಿ.’ ಕಂಪ್ಯೂಟರಿಗೆ ನಮೂದಿಸುವಾಗ ಅಂಚಿನ ಬರಹ ಬಿಟ್ಟುಹೋಗುತ್ತದೆ. ಅಂಚು ಸಾಲುತ್ತಲೂ ಇಲ್ಲ.

ಇತಿ ನಿಮ್ಮ ವಿಶ್ವಾಸಿ,
ರಾತ್ರಿ ಪಾಳಿಯ ಒಬ್ಬ ನರ್ಸ್